ಟಾಕೀಸು ಉಳಿಸಬೇಕು, ಸರಿ. ಅದರಲ್ಲಿ ಯಾವುದನ್ನು?

ಪ್ರಶ್ನೆ: ನಮ್ಮದು ಒಂದು ಜಿಲ್ಲಾ ಕೇಂದ್ರ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುವ, ಅರವತ್ತು ವರ್ಷ ದಾಟಿದ ಟಾಕೀಸೊಂದು ಊರಿನ ನಡುವೆ ಇದೆ. ಮಾಲೀಕರ ಮಕ್ಕಳು ಅದನ್ನು ಮಾರಲು ಹೊರಟಿದ್ದಾರೆ, ಕೊಂಡವರು ಒಡೆದು ಕಾಂಪ್ಲೆಕ್ಸ್ ಕಟ್ಟುತ್ತಾರೆ ಎಂಬ ಸುದ್ದಿ. ನಾವು ಕೆಲವರು ಸೇರಿ ಆನ್‌ಲೈನಿನಲ್ಲಿ ಸಹಿ ಸಂಗ್ರಹ ಶುರು ಮಾಡಿದ್ದೇವೆ. ನಾಲ್ಕು ಸಾವಿರ ದಾಟಿದೆ. ಎಡಿನ್‌ಬರೋದಲ್ಲಿರುವ ನನ್ನ ಮಗಳು, ಅಲ್ಲಿ ಮುಚ್ಚಿಹೋಗಿದ್ದ ಫಿಲ್ಮ್‌ಹೌಸ್ ಅನ್ನು ಜನರೇ ಹೋರಾಡಿ ತೆರೆಸಿದರು ಎಂದು ಫೋಟೋ ಕಳಿಸಿದ್ದಾಳೆ. ನಮ್ಮಲ್ಲೂ ಇದು ಆಗುತ್ತದೆಯೇ? ಕಾನೂನಿನಲ್ಲಿ ಏನಾದರೂ ದಾರಿ ಉಂಟೇ? — ನಿವೃತ್ತ ಅಧ್ಯಾಪಕರೊಬ್ಬರು

ಉತ್ತರ: ಮೇಷ್ಟ್ರೇ, ಕಾನೂನಿಗೆ ಆಮೇಲೆ ಬರೋಣ. ಆ ಟಾಕೀಸಿನಲ್ಲಿ ಟಿಕೆಟ್ ತೆಗೆದುಕೊಂಡು ನೀವು ಕೊನೆಯ ಸಲ ಕೂತದ್ದು ಯಾವಾಗ? ಚುಚ್ಚಲಿಕ್ಕೆ ಕೇಳುತ್ತಿಲ್ಲ. ನಾಳೆ ಮಾಲೀಕರ ಮನೆಗೆ ಹೋದರೆ ಕಾಫಿ ಬರುವ ಮೊದಲೇ ಬರುವ ಪ್ರಶ್ನೆ ಇದು.

ಹಳೆಯ ಕಟ್ಟಡಗಳ ದುರಸ್ತಿ, ಸಂರಕ್ಷಣೆ ನನ್ನ ಕಸುಬು. ಕೆಲವು ವರ್ಷದ ಹಿಂದೆ ಒಂದು ಊರಿನಲ್ಲಿ ಇದೇ ರೀತಿ ಐದಾರು ಜನ ಮನವಿಪತ್ರ ಹಿಡಿದು ಮಾಲೀಕರ ಬಳಿ ಹೋಗಿದ್ದೆವು. ಅವರು ಏನೂ ಮಾತಾಡದೆ ಒಳಗಿನಿಂದ ಒಂದು ಫೈಲು ತಂದು ಟೀಪಾಯಿಯ ಮೇಲಿಟ್ಟರು. ದಿನದ ಕಲೆಕ್ಷನ್ ಬರೆಯುವ ಡಿ.ಸಿ.ಆರ್. ಹಾಳೆಗಳು. ಮೇಲಿನ ಹಾಳೆ ಮಂಗಳವಾರದ ಮ್ಯಾಟಿನಿಯದು: ಬಾಲ್ಕನಿ 4, ಸೆಕೆಂಡ್ ಕ್ಲಾಸ್ 7, ಗಾಂಧಿ ಕ್ಲಾಸ್ ಸೊನ್ನೆ. ಹಿಂದೆ ಆ ತಿಂಗಳ ಕರೆಂಟ್ ಬಿಲ್ಲನ್ನು ಗುಂಡುಸೂಜಿ ಹಾಕಿ ಸೇರಿಸಿದ್ದರು. "ನಿಮ್ಮ ಪಟ್ಟಿಯಲ್ಲಿರೋ ಅಷ್ಟೂ ಜನ ವಾರಕ್ಕೊಂದು ಸಲ ಬಂದಿದ್ರೆ ನಾನ್ಯಾಕೆ ಮಾರ್ತಿದ್ದೆ ಸ್ವಾಮಿ?" ಎಂದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಆ ಕಥೆ ಹೇಗೆ ಮುಗಿಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಎಡಿನ್‌ಬರೋ. ನಿಮ್ಮ ಮಗಳು ಕಳಿಸಿದ ಫೋಟೋದ ಹಿಂದೆ ಸುಮಾರು ಮೂರು ವರ್ಷದ ಪಾಡಿದೆ, ಅದನ್ನು ನಿಧಾನವಾಗಿ ನೋಡುವುದು ಒಳ್ಳೆಯದು. ಲೋಥಿಯನ್ ರಸ್ತೆಯ ಹಳೆಯ ಚರ್ಚ್ ಕಟ್ಟಡವೊಂದರಲ್ಲಿ 1970ರ ದಶಕದ ಕೊನೆಯಿಂದ ನಡೆಯುತ್ತಿದ್ದ ಚಿತ್ರಮಂದಿರ ಅದು. ಅದನ್ನು ನಡೆಸುತ್ತಿದ್ದ ದತ್ತಿ ಸಂಸ್ಥೆ 2022ರ ಅಕ್ಟೋಬರ್ 6ರಂದು ದಿವಾಳಿ ಎಂದು ಕೈಯೆತ್ತಿತು. ಏರಿದ ವಿದ್ಯುತ್ ದರ, ಕೋವಿಡ್ ನಂತರ ಮರಳಿ ಬಾರದ ಪ್ರೇಕ್ಷಕರು, ಇವು ಅವರು ಕೊಟ್ಟ ಕಾರಣಗಳು. ಅದೇ ದಿನ ಬಾಗಿಲು ಬಿತ್ತು, ನೂರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಅದೇ ಸಂಸ್ಥೆಯ ಕೈಯಲ್ಲಿದ್ದ ಎಡಿನ್‌ಬರೋ ಚಿತ್ರೋತ್ಸವ ಮತ್ತು ಅಬರ್ಡೀನ್ ಊರಿನ ಬೆಲ್ಮಾಂಟ್ ಚಿತ್ರಮಂದಿರ ಕೂಡ ಜೊತೆಯಲ್ಲೇ ನಿಂತವು. ವಿಪರ್ಯಾಸ ನೋಡಿ, 2020ರಲ್ಲಿ ಇದೇ ಸಂಸ್ಥೆ ಐದು ಕೋಟಿ ಪೌಂಡಿನ ಹೊಸ ಭವನದ ನಕ್ಷೆ ತೋರಿಸಿತ್ತು.

ಸಹಿಗಳೇನೋ ಬಿದ್ದವು, ಸಾವಿರಾರು. ಆದರೆ ಕೆಲಸ ಮುಂದೆ ಹೋದದ್ದು ಹಿಂದೆ ಅಲ್ಲೇ ದುಡಿದಿದ್ದ ನಾಲ್ವರಿಂದ. ಯಾವ ಪರದೆಗೆ ಯಾವ ಸಿನಿಮಾ ಓಡುತ್ತದೆ, ಬಾರಿನ ವ್ಯಾಪಾರ ಎಷ್ಟು, ವಿತರಕರಿಗೆ ಎಷ್ಟು ಹೋಗುತ್ತದೆ ಎಂಬುದು ಬೆರಳ ತುದಿಯಲ್ಲಿದ್ದವರು. ಅವರು ಹೊಸ ದತ್ತಿ ಸಂಸ್ಥೆ ಕಟ್ಟಿ, ಕಟ್ಟಡವನ್ನೇ ಕೊಳ್ಳಲು ಚಂದಾ ಎತ್ತಿದರು. ಕೊಳ್ಳಲು ಆಗಲಿಲ್ಲ. 2023ರಲ್ಲಿ ಕಟ್ಟಡವನ್ನು ಪಬ್ಬು, ಬಾರುಗಳ ವ್ಯಾಪಾರದ ಕಂಪನಿಯೊಂದು ಕೊಂಡಿತು. ಸಾಮಾನ್ಯವಾಗಿ ಚಳವಳಿಗಳು ಮುಗಿಯುವುದೇ ಇಲ್ಲಿ. ಒಂದು ಬೀಳ್ಕೊಡುಗೆ ಲೇಖನ, ಒಂದಷ್ಟು ಹಳೆಯ ಫೋಟೋ, ಮುಗಿಯಿತು.

ಇವರು ಹೊಸ ಮಾಲೀಕರ ಜೊತೆಗೇ ಕೂತು ಮಾತಾಡಿ 25 ವರ್ಷದ ಲೀಸ್ ಪಡೆದರು. ಲೀಸಿನ ಮಾತು ಕುದುರಿದಂತೆ ದುಡ್ಡಿನ ಬಾಗಿಲುಗಳು ತೆರೆದವು. ಸಮುದಾಯ ಒಡೆತನಕ್ಕೆಂದು ಬ್ರಿಟಿಷ್ ಸರ್ಕಾರ ಇಟ್ಟಿದ್ದ ನಿಧಿಯಿಂದ 15 ಲಕ್ಷ ಪೌಂಡ್ ಬಂತು. ಸಿನಿಮಾಕ್ಕೆ ನೆರವು ಕೊಡುವ ಅಲ್ಲಿನ ಸರ್ಕಾರಿ ಸಂಸ್ಥೆ ಸ್ಕ್ರೀನ್ ಸ್ಕಾಟ್ಲೆಂಡ್ ಮತ್ತು ನಗರಸಭೆ ಕೈಜೋಡಿಸಿದವು. ಜನ ಚಂದಾ ಕೊಟ್ಟರು. ಮೂರು ಪರದೆ ಇದ್ದದ್ದು ನಾಲ್ಕಾಯಿತು. 2025ರ ಜೂನ್ 27ರಂದು ಬಾಗಿಲು ತೆರೆಯಿತು.

ಈ ಕಥೆಯಲ್ಲಿ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ಒಂದೇ ಕಡೆ: ಅವರು ಕಟ್ಟಡವನ್ನು ಕಳೆದುಕೊಂಡರು, ಚಿತ್ರಮಂದಿರವನ್ನು ಉಳಿಸಿಕೊಂಡರು. ಇವೆರಡೂ ಒಂದೇ ಎಂದುಕೊಂಡು ಹೊರಟವರು ಸಾಮಾನ್ಯವಾಗಿ ಎರಡನ್ನೂ ಕಳೆದುಕೊಳ್ಳುತ್ತಾರೆ. ಮಾಲೀಕತ್ವ ತಾನಾಗಿ ಏನನ್ನೂ ಉಳಿಸುವುದಿಲ್ಲ ಎಂಬುದಕ್ಕೆ ಬೆಲ್ಮಾಂಟ್ ಸಾಕ್ಷಿ. ಆ ಕಟ್ಟಡ ಅಬರ್ಡೀನ್ ನಗರಸಭೆಯದೇ ಸ್ವತ್ತು, ಮಾರಿಬಿಡುತ್ತಾರೆಂಬ ಭಯ ಇರಲಿಲ್ಲ. ಆದರೂ ಎಡಿನ್‌ಬರೋದಲ್ಲಿ ದೀಪ ಹತ್ತಿದ ದಿನ ಅಲ್ಲಿ ಬೀಗವೇ ಇತ್ತು.

ಇದರ ತಿರುವುಮುರುವು ಕೂಡ ಆಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಸ್ಟ್ರೋ ಥಿಯೇಟರ್ 1922ರದು, 1977ರಿಂದಲೇ ನಗರದ ರಕ್ಷಿತ ಕಟ್ಟಡ. ಯಾರೂ ಒಂದು ಇಟ್ಟಿಗೆ ಅಲುಗಿಸುವಂತಿರಲಿಲ್ಲ. 2022ರಲ್ಲಿ ಅದರ ನಿರ್ವಹಣೆ ಸಂಗೀತ ಕಾರ್ಯಕ್ರಮ ನಡೆಸುವ ಕಂಪನಿಗೆ ಹೋಯಿತು. ಜಗಳ ಹುಟ್ಟಿದ್ದು ಕುರ್ಚಿಗಳ ಮೇಲೆ. ನೆಲಕ್ಕೆ ಬೋಲ್ಟ್ ಹಾಕಿದ ಸಾಲು ಕುರ್ಚಿಗಳನ್ನು ತೆಗೆದು, ಜನ ನಿಂತು ಹಾಡು ಕೇಳುವಂತೆ ನೆಲವನ್ನು ಹಂತಹಂತವಾಗಿ ಮಾಡಬೇಕೆಂದು ಕಂಪನಿ ಹೇಳಿತು. ಕುರ್ಚಿ ಹೋದರೆ ಸಿನಿಮಾ ಹೋದಂತೆ ಎಂದು ಪ್ರೇಕ್ಷಕರು ಹೇಳಿದರು. 2023ರಲ್ಲಿ ನಗರಾಡಳಿತ ಕಂಪನಿಗೆ ಒಪ್ಪಿಗೆ ಕೊಟ್ಟಿತು. ಸುಂದರವಾದ ಚಾವಣಿ, ಹೊರಗಿನ ದೀಪದ ಫಲಕ ಎಲ್ಲ ಭದ್ರ. ಕುರ್ಚಿಗಳಿಗೆ ಮಾತ್ರ ರಕ್ಷಣೆ ಸಿಗಲಿಲ್ಲ. ಕುರ್ಚಿಗೋಸ್ಕರ ಒಂದೂವರೆ ವರ್ಷ ಜಗಳವೇ ಎಂದು ನೀವು ನಗಬಹುದು. ಆದರೆ ಟಾಕೀಸು ಎಂದರೆ ಮೂಲತಃ ಒಂದು ಇಳಿಜಾರು ನೆಲ, ಎಲ್ಲರ ಮುಖ ಒಂದೇ ಕಡೆ ತಿರುಗಿಸುವ ಕುರ್ಚಿ, ಬೆನ್ನ ಹಿಂದೆ ಒಂದು ತೂತು. ಮಿಕ್ಕದ್ದೆಲ್ಲ ಅಲಂಕಾರ.

ಈಗ ನನ್ನ ಕಥೆ ಮುಗಿಸುತ್ತೇನೆ. ಆ ಊರಿನಲ್ಲಿ ನಾವು ಗೆದ್ದೆವು ಎಂದೇ ಪತ್ರಿಕೆಯಲ್ಲಿ ಬಂತು. ಮುಂಭಾಗದ ಕಮಾನು, ಗಾರೆಯಲ್ಲಿ ಮೂಡಿಸಿದ್ದ ಟಾಕೀಸಿನ ಹೆಸರು, ಎರಡು ಬದಿಯ ನವಿಲುಗಳನ್ನು ಒಡೆಯದೆ ಉಳಿಸಲು ಕೊಂಡವರು ಒಪ್ಪಿದರು. ನಾನೇ ನಿಂತು ಸುಣ್ಣದ ಗಾರೆ ಕಲಸಿಸಿದೆ. ಈಗ ಅಲ್ಲಿ ಬಟ್ಟೆ ಅಂಗಡಿ. ಇಳಿಜಾರು ನೆಲಕ್ಕೆ ಮಣ್ಣು ತುಂಬಿ ಮಟ್ಟ ಮಾಡಿ ಟೈಲ್ಸ್ ಹಾಕಿದ್ದಾರೆ. ಮೇಲಿನ ಮಹಡಿಯ ಟ್ರಯಲ್ ರೂಮಿನ ಗೋಡೆಯಲ್ಲಿ ಅಕ್ಕಪಕ್ಕ ಎರಡು ಚೌಕಾಕಾರದ ಗೂಡುಗಳಿವೆ. ಒಂದರಿಂದ ಬೆಳಕು ಹೋಗುತ್ತಿತ್ತು, ಇನ್ನೊಂದರಿಂದ ಆಪರೇಟರ್ ಬಗ್ಗಿ ನೋಡುತ್ತಿದ್ದ. ಒಂದರಲ್ಲಿ ಹ್ಯಾಂಗರುಗಳನ್ನು ಇಟ್ಟಿದ್ದಾರೆ. ಆ ಕೆಲಸಕ್ಕೆ ನನಗೆ ಸಂಭಾವನೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೆ ಅದನ್ನು ನನ್ನ ಗೆಲುವುಗಳ ಪಟ್ಟಿಗೆ ಸೇರಿಸಿಲ್ಲ. ತಪ್ಪು ನಮ್ಮದು. ನಾವು ಕೇಳಿದ್ದು ಕಮಾನನ್ನು, ಕೊಟ್ಟದ್ದೂ ಕಮಾನನ್ನೇ.

ಇನ್ನು ಕಾನೂನು. ಇಂಗ್ಲೆಂಡಿನಲ್ಲಿ 2011ರ ಕಾಯ್ದೆಯೊಂದಿದೆ. ಪಬ್ಬು, ಅಂಚೆ ಕಚೇರಿ, ಚಿತ್ರಮಂದಿರ ಹೀಗೆ ಊರಿಗೆ ಬೇಕಾದ ಜಾಗವನ್ನು ಸ್ಥಳೀಯರ ಕೋರಿಕೆಯ ಮೇಲೆ ನಗರಸಭೆ 'ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿ' ಎಂದು ಪಟ್ಟಿಗೆ ಸೇರಿಸಬಹುದು. ಆ ಕಾಯ್ದೆಯ ಮೂಲ ನಿಯಮದಂತೆ, ಸೇರಿಸಿದ ಮೇಲೆ ಐದು ವರ್ಷ, ಮಾಲೀಕರು ಮಾರುವುದಾದರೆ ಮೊದಲು ತಿಳಿಸಬೇಕು. ಆರು ವಾರದೊಳಗೆ ಊರಿನ ಸಂಘ ನಾವು ಕೊಳ್ಳಲು ಬರುತ್ತೇವೆ ಎಂದರೆ ದುಡ್ಡು ಹೊಂದಿಸಿಕೊಳ್ಳಲು ಒಟ್ಟು ಆರು ತಿಂಗಳ ಸಮಯ ಸಿಗುತ್ತದೆ. ಸಮಯ ಅಷ್ಟೇ; ಆ ಸಂಘಕ್ಕೇ ಮಾರಬೇಕೆಂಬ ಕಟ್ಟು ಇಲ್ಲ. 2025ರ ಜನವರಿಯಲ್ಲಿ ಲಂಡನ್ನಿನ ನಟ್ಟನಡುವೆ ಇರುವ ಪ್ರಿನ್ಸ್ ಚಾರ್ಲ್ಸ್ ಚಿತ್ರಮಂದಿರದವರು ಲೀಸ್ ನವೀಕರಣದ ಷರತ್ತುಗಳ ವಿರುದ್ಧ ಜನರ ಮುಂದೆ ಹೋದರು. ಕಟ್ಟಡದ ಮಾಲೀಕರು ಬಾಡಿಗೆ ವಿಪರೀತ ಏರಿಸಲು ಕೇಳುತ್ತಿದ್ದಾರೆ, ಮರುನಿರ್ಮಾಣಕ್ಕೆ ಅನುಮತಿ ಸಿಕ್ಕರೆ ಆರು ತಿಂಗಳ ನೋಟಿಸಿನಲ್ಲಿ ಎಬ್ಬಿಸುವ ಷರತ್ತು ಹಾಕುತ್ತಿದ್ದಾರೆ ಎಂಬುದು ಅವರ ದೂರು. ಸಹಿ ಒಂದೂವರೆ ಲಕ್ಷ ದಾಟಿತು. ಮೇ ತಿಂಗಳಲ್ಲಿ ವೆಸ್ಟ್‌ಮಿನ್‌ಸ್ಟರ್ ನಗರಸಭೆ ಅದನ್ನು ಈ ಪಟ್ಟಿಗೆ ಸೇರಿಸಿತು. ಸಂಭ್ರಮವೋ ಸಂಭ್ರಮ. ಆದರೆ ಆ ಕಾಯ್ದೆ ಅಡ್ಡ ಬರುವುದು ಕಟ್ಟಡ ಮಾರುವಾಗ, ಇಲ್ಲವೇ 25 ವರ್ಷ ಅಥವಾ ಅದಕ್ಕೂ ದೀರ್ಘ ಲೀಸ್ ಕೊಡುವಾಗ. ಬಾಡಿಗೆದಾರರ ಲೀಸನ್ನು ಇಂಥ ದರಕ್ಕೆ ನವೀಕರಿಸಿ ಎಂದು ಮಾಲೀಕರಿಗೆ ಅದು ಹೇಳಲಾರದು. ಅಲ್ಲಿನ ಕಾನೂನೂ ಮಂತ್ರದಂಡವಲ್ಲ.

ಕರ್ನಾಟಕದಲ್ಲಿ ಅಷ್ಟೂ ಇಲ್ಲ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಕನಿಷ್ಠ ನೂರು ವರ್ಷ ತುಂಬಿರಬೇಕು. ನಿಮ್ಮ ಟಾಕೀಸಿಗೆ ಅರವತ್ತು. ಅದೇ ವರ್ಷದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಒಂದು ಕಿಂಡಿ ಇದೆ. ವಾಸ್ತು, ಇತಿಹಾಸ, ಸಂಸ್ಕೃತಿಯ ದೃಷ್ಟಿಯಿಂದ ಮೌಲ್ಯವಿರುವ ಕಟ್ಟಡವನ್ನು ಯೋಜನಾ ಪ್ರಾಧಿಕಾರ ಪಾರಂಪರಿಕ ಕಟ್ಟಡ ಎಂದು ಘೋಷಿಸಬಹುದು. ಅರ್ಜಿ ಹಾಕಿ. ಆದರೆ ಒಂದು ಮಾತು ನೆನಪಿಡಿ: ಮಾಲೀಕರನ್ನು ಕೇಳದೆ ಹಾಕಿದ ಅರ್ಜಿಯ ಸುದ್ದಿ ಅವರ ಕಿವಿಗೆ ಬಿದ್ದ ಮರುದಿನವೇ ಜೆಸಿಬಿ ಬಂದ ಉದಾಹರಣೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. ಘೋಷಣೆಯಾದರೂ ಗೋಡೆ ನಿಲ್ಲುತ್ತದೆ ಎಂಬ ಭರವಸೆ ಇಲ್ಲ. ದುರಸ್ತಿಗೆ ದುಡ್ಡಿಲ್ಲದ ಪಾರಂಪರಿಕ ಕಟ್ಟಡದ ಗತಿ ಏನೆಂದು ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ, ದೇವರಾಜ ಮಾರುಕಟ್ಟೆ ಕುಸಿದದ್ದನ್ನು ಕಂಡವರಿಗೆ ಹೇಳಬೇಕಿಲ್ಲ.

ಮುಂಬೈನಲ್ಲಿ ಒಂದು ನಿಯಮ ಉಂಟು. ಹಳೆಯ ಚಿತ್ರಮಂದಿರ ಒಡೆದು ಹೊಸ ಕಟ್ಟಡ ಕಟ್ಟಿದರೆ ಹಿಂದಿದ್ದ ಆಸನಗಳ ಮೂರನೇ ಒಂದು ಭಾಗದಷ್ಟಾದರೂ ಇರುವ ಚಿತ್ರಮಂದಿರ ಅದರೊಳಗೆ ಇರಬೇಕು. ಮಾಲೀಕರು ಇದನ್ನು ಶಾಪವೆಂದೇ ಬೈಯುತ್ತಾರೆ. ಒಡೆಯಲೂ ಆಗದೆ ಓಡಿಸಲೂ ಆಗದೆ ಬಾಗಿಲು ಹಾಕಿಕೊಂಡ ಟಾಕೀಸುಗಳು ಅಲ್ಲಿ ಬೇಕಾದಷ್ಟಿವೆ. ನನಗೂ ಈ ನಿಯಮ ಅಷ್ಟು ಇಷ್ಟವಿಲ್ಲ. ಆದರೆ ಇದರಲ್ಲಿರುವ ಯೋಚನೆ ನಿಮ್ಮ ಕೆಲಸಕ್ಕೆ ಬರುತ್ತದೆ, ಕೊನೆಯಲ್ಲಿ ಹೇಳುತ್ತೇನೆ.

ಹಳೆಯ ಟಾಕೀಸು ಯಾಕೆ ಮಾರಾಟಕ್ಕೆ ಬರುತ್ತದೆ? ಮಾಲೀಕರ ದುರಾಸೆ ಎಂದುಬಿಡುವುದು ಸುಲಭ. ಒಂದು ಲೆಕ್ಕ ಮಾಡಿ ನೋಡೋಣ. ಊರ ನಡುವಿನ ಆ ಜಾಗಕ್ಕೆ ಹತ್ತು ಕೋಟಿ ಕೊಡಲು ಯಾರೋ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ನೂರಕ್ಕೆ ಆರರಂತೆ ಇಟ್ಟರೂ ವರ್ಷಕ್ಕೆ 60 ಲಕ್ಷ, ತಿಂಗಳಿಗೆ ಐದು ಲಕ್ಷ ಕೂತಲ್ಲೇ ಬರುತ್ತದೆ. ಟಿಕೆಟ್ಟಿಗೆ ನೂರು ರೂಪಾಯಿ ಎಂದುಕೊಂಡರೆ ಅದರಲ್ಲಿ ಜಿಎಸ್‌ಟಿ ಐದು ಪರ್ಸೆಂಟ್ ಹೋಗಿ, ಉಳಿದದ್ದರಲ್ಲಿ ಅರ್ಧ ವಿತರಕರಿಗೆ ಹೋದರೆ, ಕೈಗೆ ಸಿಗುವುದು 47-48 ರೂಪಾಯಿ. ಐದು ಲಕ್ಷ ಆಗಬೇಕೆಂದರೆ ತಿಂಗಳಿಗೆ ಸುಮಾರು 10,500 ಟಿಕೆಟ್, ದಿನಕ್ಕೆ 350, ನಾಲ್ಕು ಆಟಕ್ಕೆ ಹಂಚಿದರೆ ಆಟಕ್ಕೆ 87-88 ಜನ. ಮಂಗಳವಾರದ ಮ್ಯಾಟಿನಿಗೂ. ಗೇಟ್‌ಕೀಪರ್, ಆಪರೇಟರ್, ಕಸ ಗುಡಿಸುವವರ ಸಂಬಳ, ಕರೆಂಟು, ಸೋರುವ ಶೀಟು, ಇವನ್ನು ನಾನಿನ್ನೂ ಹಿಡಿದೇ ಇಲ್ಲ. ಜೊತೆಗೆ ನಮ್ಮ ಬಹುತೇಕ ಟಾಕೀಸುಗಳು ಮೂರನೇ ತಲೆಮಾರಿಗೆ ಬಂದಿವೆ. ಅಜ್ಜ ಕಟ್ಟಿದ್ದು, ಅಪ್ಪ ನಡೆಸಿದ್ದು, ಈಗ ಏಳೆಂಟು ಪಾಲುದಾರರು. ಕುರ್ಚಿಗಳನ್ನು ಪಾಲು ಮಾಡಲಾಗುವುದಿಲ್ಲ, ದುಡ್ಡನ್ನು ಮಾಡಬಹುದು. ಟಾಕೀಸು ಒಡೆಯುವುದು ಎಷ್ಟೋ ಸಲ ಮೊದಲು ಮನೆಯೊಳಗೇ.

ಬೆಂಗಳೂರಿನ ಎಂ.ಜಿ. ರಸ್ತೆಯ ಪ್ಲಾಜಾ 1936ರದು, ಮೆಟ್ರೋಗೆ ಜಾಗ ಬಿಟ್ಟು ಹೋಯಿತು. ಕಪಾಲಿ ಹೋಯಿತು, 2018ರ ಕೊನೆಯ ದಿನ ರೆಕ್ಸ್ ಹೋಯಿತು. ಮೈಸೂರಿನ ಶಾಂತಲಾ 2020ರಲ್ಲಿ ಬಾಗಿಲು ಹಾಕಿತು. ಪ್ರತಿ ಸಲ ಊರೇ ಕಣ್ಣೀರು ಹಾಕಿತು, ಬಾಗಿಲು ಬಿದ್ದ ಮರುದಿನ. ನಿಮ್ಮ ಟಾಕೀಸು ಇನ್ನೂ ಮಾರಾಟವಾಗಿಲ್ಲ. ಇದು ನಿಮಗಿರುವ ದೊಡ್ಡ ಅನುಕೂಲ, ಸಹಿಗಳಿಗಿಂತ ದೊಡ್ಡದು.

ಹಾಗಾದರೆ ಕೊಂಡುಬಿಡಬಹುದೇ? ಪ್ಯಾರಿಸ್ಸಿನ ಲಾ ಕ್ಲೆಫ್ ಎಂಬ ಪುಟ್ಟ ಚಿತ್ರಮಂದಿರವನ್ನು ಕೊಂಡರು. 2018ರಲ್ಲಿ ಮುಚ್ಚಿದ್ದ ಅದರೊಳಗೆ 2019ರ ಸೆಪ್ಟೆಂಬರಿನಲ್ಲಿ ಸಿನಿಮಾ ಹುಚ್ಚಿನ ಹುಡುಗ ಹುಡುಗಿಯರು ನುಗ್ಗಿ ಕೂತರು. ಎರಡೂವರೆ ವರ್ಷ, ಇಷ್ಟಬಂದಷ್ಟು ದುಡ್ಡು ಕೊಟ್ಟು ನೋಡಿ ಎಂದು ಸಿನಿಮಾ ತೋರಿಸಿದರು. 2022ರ ಮಾರ್ಚ್ 1ರಂದು ಪೊಲೀಸರು ಹೊರಹಾಕಿದರು. ಹೊರಗಿದ್ದುಕೊಂಡೇ ಚಂದಾ ಎತ್ತಿ 2024ರ ಜೂನ್‌ನಲ್ಲಿ ಸುಮಾರು 27 ಲಕ್ಷ ಯೂರೋಗೆ ಕಟ್ಟಡವನ್ನೇ ಕೊಂಡುಕೊಂಡರು. ನುಗ್ಗಿ ಕೂರುವ ಐಡಿಯಾ ನಿಮಗೆ ಕೊಡುತ್ತಿಲ್ಲ. ಇಲ್ಲಿ ಅದು ಅತಿಕ್ರಮ ಪ್ರವೇಶದ ಕೇಸು, ನಿಮ್ಮ ಪಿಂಚಣಿಗೆ ಕುತ್ತು. ನಾನು ಗಮನಿಸಿದ್ದು ಬೇರೆ. ಅವರು ಬೇಡಿಕೆ ಇಡುವ ಮೊದಲು ಸಿನಿಮಾ ನಡೆಸಿ ತೋರಿಸಿದರು. ಚಂದಾ ಕೊಟ್ಟವರಿಗೆ ತಾವು ಏನಕ್ಕೆ ಕೊಡುತ್ತಿದ್ದೇವೆಂದು ಗೊತ್ತಿತ್ತು.

ನಮ್ಮಲ್ಲಿ ಇದಕ್ಕೆ ಮಾದರಿ ಇಲ್ಲವೆನ್ನಬೇಡಿ. ಹೆಗ್ಗೋಡು ಎಷ್ಟು ದೊಡ್ಡ ಊರು? ಅಡಿಕೆ ತೋಟಗಳ ನಡುವಿನ ಹಳ್ಳಿ. 1949ರಲ್ಲಿ ಅಲ್ಲಿ ಹುಟ್ಟಿದ ನಾಟಕ ಸಂಘ ನೀನಾಸಂ ತನ್ನದೇ ರಂಗಮಂದಿರ ಕಟ್ಟಿಕೊಂಡಿತು, 1973ರಲ್ಲಿ ಚಿತ್ರಸಮಾಜ ಶುರು ಮಾಡಿ ಜಗತ್ತಿನ ಸಿನಿಮಾಗಳನ್ನು ಹಳ್ಳಿಯವರಿಗೆ ತೋರಿಸಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು 1991ರಲ್ಲಿ, ಪ್ರೇಕ್ಷಕರು ಬಂದದ್ದು ಅದಕ್ಕೆ ಎಷ್ಟೋ ವರ್ಷ ಮೊದಲು.

ಈಗ ನಿಮ್ಮ ಊರಿಗೆ. ಈ ಶುಕ್ರವಾರದಿಂದಲೇ ಶುರು ಮಾಡಿ. ಸಹಿ ಹಾಕಿದ ನಾಲ್ಕು ಸಾವಿರ ಜನರಲ್ಲಿ ನಿಮ್ಮದೇ ಊರಿನವರು ಎಷ್ಟೆಂದು ಎಣಿಸಿ. ಅಮೆರಿಕದಲ್ಲಿರುವ ಹಳೇ ವಿದ್ಯಾರ್ಥಿಯ ಸಹಿ ಚಂದಾ ಎತ್ತುವಾಗ ಬೇಕಾಗುತ್ತದೆ, ಎರಡನೇ ಆಟಕ್ಕೆ ಅಲ್ಲ. ಊರಿನವರಲ್ಲಿ ಒಂದು ನೂರು ಜನ ಒಂದು ಆಟಕ್ಕೆ ಒಟ್ಟಿಗೆ ಹೋಗಿ, ಯಾವ ಸಿನಿಮಾ ಇದ್ದರೂ ಸರಿ. ಬ್ಯಾನರ್ ಬೇಡ, ಘೋಷಣೆ ಬೇಡ. ಇಂಟರ್ವಲ್‌ನಲ್ಲಿ ಕ್ಯಾಂಟೀನಿನ ಮುಂದೆ ನಿಂತು ಬೋಂಡಾ ತಿನ್ನಿ. ಆ ದಿನದ ಡಿ.ಸಿ.ಆರ್. ಮಾಲೀಕರ ಕಣ್ಣಿಗೆ ಬೀಳುತ್ತದೆ. ಮನವಿಪತ್ರವನ್ನು ಆಮೇಲೆ ಒಯ್ಯಿರಿ.

ಮಾತಿಗೆ ಕೂರುವ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆಸ್ತಿಯ ಇ.ಸಿ. (ಋಣಭಾರ ಪತ್ರ) ತೆಗೆಸಿ ನೋಡಿ. ಸಾಲ, ಅಡಮಾನ, ಮಾರಾಟದ ಕರಾರು ನೋಂದಣಿಯಾಗಿದ್ದರೆ ಅದರಲ್ಲಿ ಬರುತ್ತದೆ. ಪಾಲುದಾರರಲ್ಲಿ ಎಷ್ಟು ಜನ ಮಾರಲು ಸಿದ್ಧ, ಎಷ್ಟು ಜನಕ್ಕೆ ಮನಸ್ಸಿಲ್ಲ ಎಂದು ತಿಳಿದುಕೊಳ್ಳಿ. ಸಾಮಾನ್ಯವಾಗಿ ಒಬ್ಬರಾದರೂ ಆ ಟಾಕೀಸಿನ ಪ್ರೊಜೆಕ್ಟರ್ ರೂಮಿನಲ್ಲೇ ಬೆಳೆದವರು ಇರುತ್ತಾರೆ. ಬಾಗಿಲು ಮುಚ್ಚಿದರೂ ಚಿತ್ರಪ್ರದರ್ಶನದ ಲೈಸೆನ್ಸನ್ನು ಬಿಟ್ಟುಕೊಡಬೇಡಿ ಎಂದು ಅವರಲ್ಲಿ ಕೇಳಿಕೊಳ್ಳಿ. ಹೊಸದಾಗಿ ಪಡೆಯಲು ಹೊರಟರೆ ತುರ್ತು ಬಾಗಿಲು, ಅಗ್ನಿಶಾಮಕ, ಪಾರ್ಕಿಂಗ್ ಎಂದು ಇವತ್ತಿನ ನಿಯಮಗಳೆಲ್ಲ ಎದುರು ಬಂದು ನಿಲ್ಲುತ್ತವೆ, ಅರವತ್ತು ವರ್ಷದ ಕಟ್ಟಡ ಅವನ್ನು ತಡೆದುಕೊಳ್ಳಲಾರದು. ಮುಖ್ಯವಾಗಿ ಅಲ್ಲಿ ಕೆಲಸ ಮಾಡುವ ಮ್ಯಾನೇಜರ್ ಮತ್ತು ಆಪರೇಟರ್‌ರನ್ನು ನಿಮ್ಮ ಸಮಿತಿಗೆ ಸೇರಿಸಿಕೊಳ್ಳಿ. ಪತ್ರದ ಜೊತೆ ನೀವು ಕಳಿಸಿದ ಸಮಿತಿಯ ಪಟ್ಟಿಯಲ್ಲಿ ಇಬ್ಬರು ವಕೀಲರು, ಒಬ್ಬ ಕವಿ, ಮೂವರು ಮೇಷ್ಟ್ರುಗಳಿದ್ದಾರೆ. ಟಾಕೀಸು ನಡೆಸಿ ಗೊತ್ತಿರುವವರು ಒಬ್ಬರೂ ಇಲ್ಲ.

ಸಂಘ ನೋಂದಾಯಿಸಿ, ಏಳು ಜನ ಸಾಕು. ನಂತರ ಮಾಲೀಕರ ಮುಂದೆ 'ಮಾರಬೇಡಿ' ಎಂಬ ಬೇಡಿಕೆ ಇಡಬೇಡಿ, ಅದಕ್ಕೆ ಅವರು 'ಆಗಲ್ಲ' ಎನ್ನುವುದು ಬಿಟ್ಟು ಬೇರೆ ಉತ್ತರವಿಲ್ಲ. ಎರಡು ಪ್ರಸ್ತಾಪ ಇಡಿ. ಒಂದು, ವಾರಕ್ಕೆ ಎರಡು ಆಟ ನಿಮ್ಮ ಸಂಘ ಬಾಡಿಗೆ ಕೊಟ್ಟು ತೆಗೆದುಕೊಳ್ಳುತ್ತದೆ, ಜನ ಬಂದರೂ ಬಾರದಿದ್ದರೂ ಬಾಡಿಗೆ ಕೊಡುವುದು ನಿಮ್ಮ ಸಂಘದ ಹೊಣೆ, ಒಂದು ವರ್ಷ. ಹಳೆಯ ಕನ್ನಡ ಸಿನಿಮಾ, ಶಾಲೆ ಮಕ್ಕಳ ಆಟ, ದೊಡ್ಡ ಮ್ಯಾಚ್ ಇದ್ದ ದಿನ ಹಕ್ಕು ಪಡೆದು ಮ್ಯಾಚ್, ನಿಮಗೆ ಬಿಟ್ಟದ್ದು. ಇನ್ನೊಂದು, ಮಾರಲೇಬೇಕೆಂದಾದರೆ ಹೊಸ ಕಟ್ಟಡದಲ್ಲಿ ಇನ್ನೂರು ಸೀಟಿನ ಒಂದು ಹಾಲ್, ದೀರ್ಘ ಲೀಸಿಗೆ, ಮಾರಾಟದ ಕರಾರಿನಲ್ಲೇ ಬರೆದು ಕೊಡಲಿ. ಮುಂಬೈನಲ್ಲಿ ನಿಯಮ ಬಲವಂತವಾಗಿ ಮಾಡಿಸಿದ್ದನ್ನು ನೀವು ಮಾತಿನಿಂದ ಮಾಡಿಸುವುದು. ಅರವತ್ತು ವರ್ಷದ ಗೋಡೆ ಹೋಗುತ್ತದೆ, ಹೌದು. ನನ್ನಂಥವನು ಇದನ್ನು ಬರೆಯಬಾರದು. ಆದರೆ ನನ್ನ ನವಿಲುಗಳ ಹಿಂದಿನ ಬಟ್ಟೆ ಅಂಗಡಿಗಿಂತ, ಹೊಸ ಸಿಮೆಂಟಿನ ಗೋಡೆಯ ನಡುವೆ ಇಳಿಜಾರು ನೆಲವೊಂದು ಇರುವುದು ನನಗೆ ಮೇಲು ಎನಿಸುತ್ತದೆ.

ಬಾಡಿಗೆಯ ಮೊತ್ತ ಎಷ್ಟು ಹೇಳಬೇಕು ಎಂಬುದಕ್ಕೆ ಹಾಲಿನ ಉದ್ದ ಅಗಲ, ಸೀಟಿನ ಸಂಖ್ಯೆ, ಕಳೆದ ಆರು ತಿಂಗಳ ಕರೆಂಟ್ ಬಿಲ್ಲು ಕಳಿಸಿ, ಲೆಕ್ಕ ಹಾಕಿ ಕೊಡುತ್ತೇನೆ. ಹಾಗೆಯೇ ಪರದೆಯ ಕೆಳಗಿನ ನೆಲಕ್ಕೂ ಕೊನೆಯ ಸಾಲಿನ ನೆಲಕ್ಕೂ ಎಷ್ಟು ಅಡಿ ಎತ್ತರದ ವ್ಯತ್ಯಾಸ ಇದೆ, ಗಾರೆಯವರ ನೀರಿನ ಟ್ಯೂಬಿನಲ್ಲಿ ಅಳತೆ ಹಿಡಿಸಿ ಬರೆದಿಟ್ಟುಕೊಳ್ಳಿ. ಕೊಳ್ಳುವವರು ಮೊದಲು ಕೈ ಹಾಕುವುದು ಅದಕ್ಕೇ.